ತವರಿಗೆ ಬಂದ ಮೀನು

ಕೆರೆಯ ತಳದ ಕೆಸರಿನಲ್ಲಿ ಮುದಿ ಕಪ್ಪೆಚಿಪ್ಪೊಂದು ಅರ್ಧ ಹೂತುಕೊಂಡು ಕೂತಿತ್ತು. ಮೊಟ್ಟೆ ತುಂಬಿದ ಮೀನೊಂದು ಬಂದು ಅದರ ಪಕ್ಕದಲ್ಲಿ ಹೊಂಚು ಹಾಕಿತು. ಚಿಪ್ಪು ಉಸಿರಾಡಲು ಬಾಯಿ ತೆರೆದದ್ದೇ ತಡ, ಮೀನು ತನ್ನ ಮೊಟ್ಟೆಗಳನ್ನೆಲ್ಲ ಅದರೊಳಗೆ ಇಟ್ಟುಬಿಟ್ಟಿತು.

"ಏನೇ ಇದು?" ಎಂದಿತು ಚಿಪ್ಪು.

"ತವರಿಗೆ ಬಾಣಂತನಕ್ಕೆ ಬಂದಿದ್ದೇನೆ ಅಂದುಕೋ, ಅಜ್ಜಿ. ಹೊರಗೆ ಬಿಟ್ಟರೆ ಮೊಟ್ಟೆಗಳನ್ನು ಏಡಿ ತಿನ್ನುತ್ತದೆ. ನೀನಂತೂ ಎಲ್ಲಿಗೂ ಹೋಗುವವಳಲ್ಲ. ಬಾಯಿ ಮುಚ್ಚಿಕೊಂಡಿರೋಣ ಅಂದರೆ ನಿನಗೆ ಉಸಿರು ಬೇಕಲ್ಲ!" ಎಂದು ಮೀನು ನಕ್ಕಿತು.

ಚಿಪ್ಪು ಮೊಟ್ಟೆಗಳನ್ನು ಕಾಪಾಡಿತು.

ತಿಂಗಳಾದ ಮೇಲೆ ಮೀನು ಬಂತು. ಮರಿಗಳು ಒಂದೊಂದಾಗಿ ಈಜಿಕೊಂಡು ಹೊರಗೆ ಬಂದವು. ಒಂದೂ ಕಡಿಮೆಯಿರಲಿಲ್ಲ. ಮೀನು ಅವುಗಳನ್ನು ಕರೆದುಕೊಂಡು ಹೊರಟಿತು.

"ನಿಲ್ಲು ಮಗಳೇ. ಬಾಣಂತಿಯನ್ನು ಮಡಿಲು ತುಂಬದೆ ಕಳಿಸುವುದುಂಟೇ?" ಎಂದಿತು ಚಿಪ್ಪು.

ಅದು ಬಾಯಿ ತೆರೆದು ಬಿಳಿ ಹುಡಿಯಂಥದ್ದನ್ನು ಊದಿತು. ಹುಡಿ ಮೀನನ್ನೂ ಮರಿಗಳನ್ನೂ ಸುತ್ತಿಕೊಂಡಿತು. ಮೀನು ದಿಟ್ಟಿಸಿ ನೋಡಿತು. ಹುಡಿಯ ಒಂದೊಂದು ಕಣವೂ ಒಂದೊಂದು ಪುಟ್ಟ ಚಿಪ್ಪು. ಎಲ್ಲವೂ ಬಾಯಿ ತೆರೆದು ಮುಚ್ಚುತ್ತಿದ್ದವು.

"ನನ್ನ ಮಕ್ಕಳು. ನಿಮ್ಮ ಕಿವಿರುಗಳಲ್ಲಿ ಕಚ್ಚಿಕೊಂಡು ಬೆಳೆಯುತ್ತಾರೆ. ನಾನು ಎಲ್ಲಿಗೂ ಹೋಗುವವಳಲ್ಲ. ಅವರಾದರೂ ಹೋಗಲಿ."

ಮೀನು ಗಟ್ಟಿಯಾಗಿ ಬಾಯಿ ಮುಚ್ಚಿಕೊಂಡಿತು. ತಾಯಿಯನ್ನು ನೋಡಿ ಮರಿಗಳೂ ಮುಚ್ಚಿಕೊಂಡವು.

ಚಿಪ್ಪು ಅವಸರ ಮಾಡಲಿಲ್ಲ.

ಮೊದಲು ಬಾಯಿ ತೆರೆದದ್ದು ಎಲ್ಲಕ್ಕಿಂತ ಚಿಕ್ಕ ಮರಿ.