ಡೊಳ್ಳಿನ ಒಂದು ಪೆಟ್ಟು

"ಗುರುಗಳೇ, ಎರಡು ಕಡೆಯವರೂ ನನ್ನವರೇ ಆದಾಗ ನಾನು ಯಾವ ಕಡೆ ನಿಲ್ಲಬೇಕು?"

ಕೇಳಿದವನು ಮುರಿಗೆಪ್ಪ. ಆಶ್ರಮದಲ್ಲೇ ಬೆಳೆದ ಶಿಷ್ಯ. ಆಶ್ರಮದ ತೋಟಕ್ಕೂ ಅವನ ಅಣ್ಣನ ಹೊಲಕ್ಕೂ ನಡುವೆ ಬದುವಿನ ತಕರಾರು ಎದ್ದಿತ್ತು. ಮರುದಿನ ಪಂಚಾಯಿತಿ ಸೇರಲಿತ್ತು. ಹಳೆಯ ಬದು ಎಲ್ಲಿತ್ತು ಎಂಬುದನ್ನು ಕಣ್ಣಾರೆ ಕಂಡವನು ಮುರಿಗೆಪ್ಪನೊಬ್ಬನೇ.

"ನಿನ್ನ ಅಣ್ಣ ಏನೆಂದ?" ಎಂದು ಗುರುಗಳು ಕೇಳಿದರು.

"ಕಂಡದ್ದನ್ನು ಹೇಳು, ನನ್ನ ಮುಖ ನೋಡಬೇಡ ಎಂದ."

"ನಾನು ಹೇಳಿದ್ದೂ ಅದನ್ನೇ."

"ಇಬ್ಬರೂ ಹಾಗೆ ಹೇಳಿದ್ದಕ್ಕೇ ನನಗೆ ನಿದ್ದೆ ಬರುತ್ತಿಲ್ಲ ಗುರುಗಳೇ."

ಗುರುಗಳು ಅವನಿಗೆ ಎದುರು ಕೂರಲು ಹೇಳಿದರು. ಆಮೇಲೆ ಈ ಕತೆ ಹೇಳಿದರು.

ಒಂದು ಹೊಳೆಯ ಎರಡು ದಡದಲ್ಲಿ ಎರಡು ಊರುಗಳಿದ್ದವು. ಎರಡೂ ಊರಿನವರಿಗೆ ಫುಟ್‌ಬಾಲ್ ಎಂದರೆ ಪ್ರಾಣ. ತಂಡ ಸೋತ ದಿನ ಈಚೆಯ ಊರಿನಲ್ಲಿ ಸಂಜೆ ಒಲೆ ತಡವಾಗಿ ಹೊತ್ತುತ್ತಿತ್ತು. ಗೆದ್ದ ದಿನ ಮಾತು ಬಿಟ್ಟ ಅತ್ತೆ ಸೊಸೆಯರೂ ಮಾತಾಡುತ್ತಿದ್ದರು. ಆಚೆಯ ಊರಿನಲ್ಲೂ ಹಾಗೆಯೇ.

ಈಚೆಯ ಊರಿನಲ್ಲಿ ಒಬ್ಬ ನೇಕಾರನಿದ್ದ. ಉಳಿದ ದಿನ ಮಗ್ಗದ ಮುಂದೆ ಕೂರುತ್ತಿದ್ದ. ಊರಿನ ತಂಡ ಆಡುವ ದಿನ ಡೊಳ್ಳನ್ನು ಕೊರಳಿಗೆ ಹಾಕಿಕೊಂಡು ಮೈದಾನಕ್ಕೆ ಹೋಗುತ್ತಿದ್ದ. ಅವನ ಅಪ್ಪನೂ ಅದೇ ಡೊಳ್ಳನ್ನು ಬಾರಿಸಿದವನು. ಗೋಲ್ ಕಂಬದ ಹಿಂದೆ ಅಪ್ಪ ನಿಲ್ಲುತ್ತಿದ್ದ ಜಾಗದಲ್ಲೇ ಮಗನೂ ನಿಲ್ಲುತ್ತಿದ್ದ. ಸುತ್ತಲೂ ಊರು ನಿಲ್ಲುತ್ತಿತ್ತು.

ಆ ಡೊಳ್ಳಿಗೆ ಎರಡು ಕೆಲಸಗಳಿದ್ದವು.

ಎದುರು ತಂಡದವನು ಪೆನಾಲ್ಟಿ ಹೊಡೆಯಲು ಚೆಂಡನ್ನು ಇಟ್ಟಾಗ ಡೊಳ್ಳು ಶುರುವಾಗಬೇಕು. ಮೊದಲು ನಿಧಾನ, ಆಮೇಲೆ ಜೋರು. ಕಾಲು ಚೆಂಡಿಗೆ ತಗಲುವವರೆಗೂ ನಿಲ್ಲಬಾರದು. ಓಡಿ ಬರುವವನ ಕಾಲು ತನಗೆ ಗೊತ್ತಿಲ್ಲದೆ ಆ ತಾಳವನ್ನು ಹುಡುಕುತ್ತದೆ, ತೊಡಕಿಕೊಳ್ಳುತ್ತದೆ. ಎಷ್ಟೋ ಒಳ್ಳೆಯ ಆಟಗಾರರು ಆ ಡೊಳ್ಳಿನ ಮುಂದೆ ಚೆಂಡನ್ನು ಕಂಬದ ಮೇಲೆ ಹಾರಿಸಿದ್ದರು.

ಎರಡನೆಯದು ಗೆದ್ದ ದಿನದ್ದು. ತಂಡ ಊರಿನ ಪ್ರತಿ ಬೀದಿಯಲ್ಲೂ ಮೆರವಣಿಗೆ ಹೋಗುತ್ತಿತ್ತು. ಪ್ರತಿ ಮನೆಯವರೂ ತಂಬಿಗೆಯಲ್ಲಿ ನೀರು ತಂದು ಆಟಗಾರರ ಕಾಲಿಗೆ ಹಾಕಬೇಕು, ಕೊನೆಗೆ ಡೊಳ್ಳಿನವನ ಕಾಲಿಗೆ. ಆ ನೀರು ಬೀಳುವಾಗ ಮಾತ್ರ ಡೊಳ್ಳು ನಿಲ್ಲಬಹುದು. ನೀರು ಬೀಳದೆ ಮೆರವಣಿಗೆ ಆ ಮನೆಯನ್ನು ದಾಟುವಂತಿಲ್ಲ. ಊರಿನಲ್ಲಿ ಜಗಳಗಳಿಗೇನೂ ಕೊರತೆಯಿರಲಿಲ್ಲ. ಆದರೂ ಯಾವ ಮನೆಯೂ ಆ ದಿನ ಬಾಗಿಲು ಹಾಕಿಕೊಂಡಿರಲಿಲ್ಲ.

ನೇಕಾರನ ಮನೆಯಲ್ಲಿ ನೀರು ಹಾಕುತ್ತಿದ್ದವಳು ಅವನ ಹೆಂಡತಿ. ಗಂಡನ ಕಾಲಿಗೆ ಹಾಕುವಾಗ, "ಇವತ್ತಾದರೂ ಕಾಲು ತೊಳೆದಿರಿ" ಎನ್ನುತ್ತಿದ್ದಳು. ಜನ ನಗುತ್ತಿದ್ದರು. ಅವಳು ತೀರಿಕೊಂಡ ಮೇಲೆ ಊರು ಗೆದ್ದೇ ಇರಲಿಲ್ಲ. ಗೆದ್ದವರಿಗೆ ಸಿಗುವ ಕಪ್ ಆಚೆಯ ಊರಿನಲ್ಲೇ ಉಳಿದಿತ್ತು. ಮನೆಯಲ್ಲಿ ನೇಕಾರ ಮತ್ತು ಮಗ ಇಬ್ಬರೇ ಉಳಿದಿದ್ದರು.

ಮಗ ಚೆನ್ನಾಗಿ ಆಡುತ್ತಿದ್ದ. ಆದರೆ ತಂಡ ಆರಿಸುವ ಹಿರಿಯರು, "ಹುಡುಗ ಕಡ್ಡಿಯ ಹಾಗಿದ್ದಾನೆ, ಗಾಳಿ ಬಂದರೆ ಹಾರಿಹೋಗುತ್ತಾನೆ" ಎಂದು ಅವನನ್ನು ಕೈಬಿಟ್ಟರು. ಆಚೆಯ ಊರಿನವರು ಕರೆದರು. ಹುಡುಗ ಸೇತುವೆ ದಾಟಿ ಹೋಗಿ ಅವರ ತಂಡ ಸೇರಿಕೊಂಡ. ಆಡಿ ಬಂದು ಮಲಗುತ್ತಿದ್ದದ್ದು ಮಾತ್ರ ಅಪ್ಪನ ಮನೆಯಲ್ಲೇ. ಎರಡು ಊರುಗಳ ಪಂದ್ಯವಿದ್ದ ದಿನ ಇಬ್ಬರೂ ಒಂದೇ ಬಾಗಿಲಿನಿಂದ ಹೊರಟು, ಒಬ್ಬ ಎಡಕ್ಕೆ ಇನ್ನೊಬ್ಬ ಬಲಕ್ಕೆ ತಿರುಗುತ್ತಿದ್ದರು.

ಊರಿನಲ್ಲಿ ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ಅವನು ಒಮ್ಮೆ ನೇಕಾರನನ್ನು ಕೇಳಿದ. "ನಿನ್ನ ಮಗನನ್ನೇ ಬೇಡ ಎಂದವರಿಗೆ ಡೊಳ್ಳು ಬಾರಿಸುತ್ತೀಯಲ್ಲ, ನಿನಗೆ ಏನೂ ಅನ್ನಿಸುವುದಿಲ್ಲವೇ?"

"ಅನ್ನಿಸುತ್ತದೆ. ಬೇಡ ಎಂದವರು ನಾಲ್ಕು ಜನ ಹಿರಿಯರು. ತಂಡ ಅವರದಲ್ಲ."

"ಮತ್ತೆ ಯಾರದು?"

"ನನ್ನದು" ಎಂದ ನೇಕಾರ.

ಆ ವರ್ಷ ಕೊನೆಯ ಪಂದ್ಯ ಆ ಎರಡು ಊರುಗಳ ನಡುವೆಯೇ ಬಿತ್ತು. ಬೆಳಿಗ್ಗೆ ಅಪ್ಪ ಮಗ ಎದುರುಬದುರು ಕೂತು ರೊಟ್ಟಿ ತಿಂದರು.

"ಅಪ್ಪಾ, ಇವತ್ತು ಪೆನಾಲ್ಟಿ ಸಿಕ್ಕಿದರೆ ಹೊಡೆಯುವವನು ನಾನು."

"ಗೊತ್ತು."

"ನಾನು ಅಂತ ಡೊಳ್ಳು ನಿಲ್ಲಿಸಬೇಡ."

"ಯಾಕೆ ನಿಲ್ಲಿಸಲಿ? ನೀನೇನು ಊರಿನ ಅಳಿಯನೇ?"

ಮಗ ನಕ್ಕ. ಅಪ್ಪನೂ ನಕ್ಕ. ತನ್ನನ್ನು ಊರಿನ ಮಾತಿನಿಂದ ಉಳಿಸಲು ಹುಡುಗ ದೊಡ್ಡ ಮನಸ್ಸು ಮಾಡಿ ಹೀಗೆ ಹೇಳಿದ ಎಂದು ನೇಕಾರ ತಿಳಿದ. ದಾರಿಯುದ್ದಕ್ಕೂ ಆ ಮಾತು ಅವನ ಎದೆಯಲ್ಲಿ ಕೂತಿತ್ತು. ಡೊಳ್ಳು ಎಂದಿಗಿಂತ ಭಾರವೆನಿಸಿತು.

ಮೈದಾನದಲ್ಲಿ ಬೆಲ್ಲದ ವ್ಯಾಪಾರಿ ಅವನಿಗಾಗಿ ಕಾಯುತ್ತಿದ್ದ.

"ಇವತ್ತೊಂದು ದಿನ ಡೊಳ್ಳು ನನಗೆ ಕೊಡು ಮಾರಾಯ. ನಿನಗೂ ನೆಮ್ಮದಿ, ನಮಗೂ ನೆಮ್ಮದಿ."

"ನಿನ್ನ ಕೈಗೆ ತಕ್ಕಡಿ ಸರಿ. ಇದು ತೂಗುವುದಲ್ಲ, ಬಾರಿಸುವುದು."

ಸುತ್ತಲಿದ್ದವರು ನಕ್ಕರು. ವ್ಯಾಪಾರಿ ನಗಲಿಲ್ಲ. "ಹಾಗಾದರೆ ನಾನು ನಿನ್ನ ಪಕ್ಕದಲ್ಲೇ ನಿಲ್ಲುತ್ತೇನೆ" ಎಂದ. ಅವನು ನಿಲ್ಲುವುದು ಆಟ ನೋಡಲು ಅಲ್ಲ, ತನ್ನ ಕೈ ನೋಡಲು ಎಂಬುದು ನೇಕಾರನಿಗೆ ತಿಳಿಯಿತು. ಅವನು ಡೊಳ್ಳಿನ ಹಗ್ಗ ಬಿಗಿದ.

ಮೊದಲ ಅರ್ಧದಲ್ಲಿ ಈಚೆಯ ಊರು ಒಂದು ಗೋಲ್ ಹೊಡೆಯಿತು. ಜನ ಒಬ್ಬರನ್ನೊಬ್ಬರು ತಬ್ಬಿಕೊಂಡರು. ಎರಡನೆಯ ಅರ್ಧದಲ್ಲಿ ಉಸಿರು ಬಿಗಿಹಿಡಿದು ನಿಂತರು. ಆ ಅರ್ಧದಲ್ಲಿ ಊರಿನ ತಂಡ ಕಾಯಬೇಕಾಗಿದ್ದದ್ದು ಡೊಳ್ಳಿನ ಎದುರಿಗಿದ್ದ ಗೋಲ್ ಕಂಬವನ್ನೇ. ಪಂದ್ಯ ಸಮವಾದರೆ ಕಪ್ ಹಿಂದಿನ ವರ್ಷ ಗೆದ್ದವರಲ್ಲೇ ಉಳಿಯಬೇಕೆಂಬುದು ನಿಯಮ. ಆದ್ದರಿಂದ ಆ ಒಂದು ಗೋಲಿನ ಮುನ್ನಡೆ ಉಳಿದರೆ ಊರು ಗೆದ್ದಂತೆ. ಹೋದರೆ ಸೋತಂತೆ.

ಪಂದ್ಯ ಮುಗಿಯಲು ಸ್ವಲ್ಪವೇ ಹೊತ್ತಿದ್ದಾಗ ಈಚೆಯ ಆಟಗಾರನೊಬ್ಬನ ಕೈಗೆ ಚೆಂಡು ತಗಲಿತು. ರೆಫರಿ ಸೀಟಿ ಊದಿದ. ಪೆನಾಲ್ಟಿ.

ನೇಕಾರನ ಮಗ ಚೆಂಡನ್ನು ಎತ್ತಿಕೊಂಡು ಬಂದ. ಅದನ್ನು ನೆಲದ ಮೇಲಿಟ್ಟ. ಅವನ ಎದುರಿಗೆ ಗೋಲ್‌ಕೀಪರ್, ಗೋಲ್‌ಕೀಪರನ ಹಿಂದೆ ಬಲೆ, ಬಲೆಯ ಹಿಂದೆ ಅಪ್ಪ.

ಗೋಲಿನ ಹಿಂದೆ ನಿಂತ ಜನ ಚೆಂಡನ್ನು ನೋಡಲಿಲ್ಲ. ನೇಕಾರನ ಕೈಯನ್ನು ನೋಡಿದರು. ವ್ಯಾಪಾರಿಯ ಉಸಿರು ಅವನ ಭುಜಕ್ಕೆ ತಾಗುತ್ತಿತ್ತು.

ನೇಕಾರ ಕೋಲೆತ್ತಿ ಡೊಳ್ಳಿಗೆ ಹೊಡೆದ.

ಮೊದಲು ನಿಧಾನ. ಆಮೇಲೆ ಜೋರು. ಅವನ ಕೈಯಲ್ಲಿ ಮೋಸವಿರಲಿಲ್ಲ. ಎದುರಿಗೆ ಬೇರೆ ಯಾರು ನಿಂತಿದ್ದರೂ ಹೇಗೆ ಬಾರಿಸುತ್ತಿದ್ದನೋ ಹಾಗೆಯೇ ಬಾರಿಸಿದ. ಜನಕ್ಕೆ ಅದು ಕೇಳಿಸಿತು. ಅವರ ಕಣ್ಣು ಒಂದೊಂದಾಗಿ ಕೈಯನ್ನು ಬಿಟ್ಟು ಚೆಂಡಿನ ಕಡೆ ತಿರುಗಿತು. ಕೊನೆಗೆ ವ್ಯಾಪಾರಿಯ ಕಣ್ಣೂ ತಿರುಗಿತು.

ಮಗ ಓಡಲು ಹಿಂದೆ ಸರಿದ. ಸರಿದವನು ಅಂಗಿಯ ಕೊರಳಪಟ್ಟಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡ. ತಾಯಿಯನ್ನು ಮನೆಯಿಂದ ಎತ್ತಿಕೊಂಡು ಹೋದ ದಿನ ಅವನು ಹಾಗೆ ಬಾಗಿಲಿನಲ್ಲಿ ನಿಂತಿದ್ದ. ಅಂದು ಅವನು ಅತ್ತಿರಲಿಲ್ಲ. ಕೊರಳಪಟ್ಟಿ ಮಾತ್ರ ಒದ್ದೆಯಾಗಿತ್ತು.

ನೇಕಾರ ಅದನ್ನು ಕಂಡ. ನಾನು ಯಾರ ಕಡೆಯವನು ಎಂಬ ಮಾತು ಅವನ ತಲೆಗೆ ಬಂತು. ಇಷ್ಟು ವರ್ಷಗಳಲ್ಲಿ ಅದು ಬಂದದ್ದು ಅದೇ ಮೊದಲು. ಎತ್ತಿದ ಕೋಲು ಎತ್ತಿದಂತೆಯೇ ನಿಂತಿತು. ಒಂದು ಪೆಟ್ಟು ತಪ್ಪಿತು. ಆಮೇಲೆ ಕೈ ತಾನಾಗಿ ಇಳಿಯಿತು.

ಅಷ್ಟರಲ್ಲಿ ಮಗ ಓಡಿ ಬಂದು ಚೆಂಡನ್ನು ಒದ್ದಿದ್ದ. ಚೆಂಡು ನೇರವಾಗಿ ಗೋಲ್‌ಕೀಪರನ ಎದೆಗೆ ಹೋಯಿತು. ಅವನು ಅದನ್ನು ತಬ್ಬಿಕೊಂಡು ನೆಲಕ್ಕೆ ಬಿದ್ದ. ಸ್ವಲ್ಪ ಹೊತ್ತಿಗೆ ಕೊನೆಯ ಸೀಟಿ ಕೇಳಿಸಿತು.

ಊರು ಗೆದ್ದಿತ್ತು. ಜನ ನೇಕಾರನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡರು. ಬೆಲ್ಲದ ವ್ಯಾಪಾರಿ ಅವನ ಕಾಲನ್ನು ಕಣ್ಣಿಗೊತ್ತಿಕೊಂಡ. "ಗೆಲ್ಲಿಸಿದ್ದು ಡೊಳ್ಳು. ನಾನು ನಿನ್ನನ್ನು ಅನುಮಾನಿಸಿದೆ, ತಪ್ಪಾಯಿತು" ಎಂದ. ತಪ್ಪಿದ ಪೆಟ್ಟನ್ನು ಯಾರೂ ಗಮನಿಸಿರಲಿಲ್ಲ.  ನೇಕಾರ ಜನರ ತಲೆಗಳ ಮೇಲಿನಿಂದ ಮಗನನ್ನು ಹುಡುಕಿದ. ಮಗ ಆಗಲೇ ಮೈದಾನ ಬಿಟ್ಟು ಹೋಗಿದ್ದ.

ಮೆರವಣಿಗೆ ಹೊರಟಿತು. ಪ್ರತಿ ಮನೆಯ ಮುಂದೆಯೂ ನೀರು ಬಿತ್ತು. ಬೀದಿಯ ಮೇಲೆ ಬೀದಿ ದಾಟಿ ನೇಕಾರನ ಮನೆಯ ಮುಂದೆ ಬಂದು ನಿಂತಿತು.

ಬಾಗಿಲು ಹಾಕಿತ್ತು. ಹೊಸ್ತಿಲ ಪಕ್ಕದಲ್ಲಿ ಮಣ್ಣು ಮೆತ್ತಿದ ಬೂಟುಗಳಿದ್ದವು. ಮಗ ಒಳಗಿದ್ದಾನೆ ಎಂಬುದು ಎಲ್ಲರಿಗೂ ಗೊತ್ತಾಯಿತು.

ಡೊಳ್ಳು ಮೊಳಗುತ್ತಲೇ ಇತ್ತು. ಕೂಗುತ್ತಿದ್ದವರು ಕೂಗುವುದನ್ನು ನಿಲ್ಲಿಸಿದರು. ಹಿಂದಿನ ಸಾಲಿನಲ್ಲಿ ಒಬ್ಬ, "ಮೆರವಣಿಗೆ ಯಾಕೆ ನಿಂತಿತು?" ಎಂದು ಕೇಳಿದ. ಯಾರೋ ಅವನ ತೋಳು ಹಿಡಿದು ಸುಮ್ಮನಾಗಿಸಿದರು. ಬಾಗಿಲು ಅಲುಗಲಿಲ್ಲ.

ವ್ಯಾಪಾರಿ ನೇಕಾರನ ಕಿವಿಯ ಹತ್ತಿರ ಬಾಗಿದ. "ಈ ಮನೆಯೊಂದನ್ನು ಬಿಟ್ಟು ಮುಂದೆ ಹೋಗೋಣ ಮಾರಾಯ. ಹುಡುಗನ ಹೊಟ್ಟೆ ಉರಿಸುವುದು ಬೇಡ. ಊರು ಏನೂ ಅನ್ನುವುದಿಲ್ಲ."

"ನನ್ನ ಮನೆಯನ್ನೂ ಊರಿನಿಂದ ತೆಗೆದುಹಾಕುತ್ತೀಯಾ?" ಎಂದ ನೇಕಾರ. ಅವನ ಕೈ ನಿಲ್ಲಲಿಲ್ಲ. ತೋಳು ನೋಯುತ್ತಿತ್ತು. ಕೋಲು ಬೆವರಿನಲ್ಲಿ ಜಾರುತ್ತಿತ್ತು. ಬಾಗಿಲು ತೆರೆಯದಿದ್ದರೆ ತಾನು ಎಷ್ಟು ಹೊತ್ತು ಹೀಗೆ ನಿಲ್ಲಬಲ್ಲೆ ಎಂಬುದು ಅವನಿಗೆ ತಿಳಿದಿರಲಿಲ್ಲ. ತೆರೆಯದ ಬಾಗಿಲನ್ನು ದಾಟಿ ಹೋದರೆ ರಾತ್ರಿ ಅದೇ ಬಾಗಿಲನ್ನು ತಟ್ಟಬೇಕಾದವನು ತಾನೇ ಎಂಬುದು ಮಾತ್ರ ತಿಳಿದಿತ್ತು.

ಒಳಗೆ ಹಂಡೆಯಿಂದ ನೀರು ಮೊಗೆಯುವ ಸದ್ದು ಕೇಳಿಸಿತು.

ಬಾಗಿಲು ತೆರೆಯಿತು. ಮಗ ಆಚೆಯ ಊರಿನ ಅಂಗಿಯಲ್ಲೇ ಇದ್ದ. ಕೈಯಲ್ಲಿ ತಾಯಿಯ ತಂಬಿಗೆ ಇತ್ತು. ಅವನು ಮೊದಲು ಗೋಲ್‌ಕೀಪರನ ಕಾಲಿಗೆ ನೀರು ಹಾಕಿ, "ಚೆನ್ನಾಗಿ ಹಿಡಿದೆ ಅಣ್ಣಾ" ಎಂದ.  ಆಮೇಲೆ ಉಳಿದವರ ಕಾಲಿಗೆ ಹಾಕಿದ. ಕೊನೆಗೆ ಅಪ್ಪನ ಮುಂದೆ ಬಂದು ಬಗ್ಗಿದ. ನೀರು ಬಿತ್ತು. ಡೊಳ್ಳು ನಿಂತಿತು.

"ಅಪ್ಪಾ, ಒಂದು ಪೆಟ್ಟು ಬಿಟ್ಟೆ" ಎಂದ ಮಗ, ಅಪ್ಪನಿಗೆ ಮಾತ್ರ ಕೇಳುವಂತೆ.

"ಕೈ ಇಳಿಯಲಿಲ್ಲ" ಎಂದ ನೇಕಾರ.

"ನಾನು ಆ ಪೆಟ್ಟಿಗೇ ಕಾಲು ಎತ್ತಿದ್ದೆ. ತೊಟ್ಟಿಲಿನಲ್ಲಿದ್ದಾಗಿನಿಂದ ಕೇಳಿದ ಡೊಳ್ಳು ಅದು. ಬೇರೆಯವರ ಕಾಲು ಅದಕ್ಕೆ ತೊಡಕುತ್ತದೆ, ನನ್ನದು ಅದರ ಜೊತೆಗೇ ಓಡುತ್ತದೆ. ನಿಲ್ಲಿಸಬೇಡ ಎಂದದ್ದು ಅದಕ್ಕೇ."

ನೇಕಾರ ಮಗನ ಮುಖ ನೋಡಿದ. ಕೊರಳಪಟ್ಟಿ ಇನ್ನೂ ಒದ್ದೆಯಾಗಿತ್ತು.

"ಇವರಿಗೆ ಹೇಳಿಬಿಡಲೇ?"

"ಏನೂ ಬೇಡ" ಎಂದ ಮಗ. ತಂಬಿಗೆಯಲ್ಲಿ ಉಳಿದ ನೀರನ್ನೂ ಅಪ್ಪನ ಕಾಲಿಗೇ ಸುರಿದ. "ಇವತ್ತಾದರೂ ಕಾಲು ತೊಳೆದೆ. ಬಾರಿಸು, ಜನ ಕಾಯುತ್ತಿದ್ದಾರೆ."

ನೇಕಾರ ಕೋಲೆತ್ತಿದ. ಮೆರವಣಿಗೆ ಮುಂದಿನ ಮನೆಗೆ ಹೋಯಿತು.

ಗುರುಗಳು ಕತೆ ನಿಲ್ಲಿಸಿದರು.  ಮುರಿಗೆಪ್ಪ ತಲೆಯೆತ್ತಿದ.

"ಊರು ಗೆದ್ದದ್ದೂ ಆ ತಪ್ಪಿದ ಪೆಟ್ಟಿನಿಂದ, ಮಗ ಸೋತದ್ದೂ ಅದರಿಂದಲೇ. ಹಾಗಾದರೆ ಆ ನೇಕಾರ ಕೊನೆಗೂ ಯಾರ ಕಡೆಯವನು ಗುರುಗಳೇ?"

"ಬಾರಿಸಿದಷ್ಟು ಹೊತ್ತೂ ಅವನು ಎರಡೂ ಕಡೆಯವನಾಗಿದ್ದ ಮುರಿಗೆಪ್ಪ, ಯಾರ ಕಡೆಯವನೆಂದು ಕೇಳಿಕೊಂಡ ಆ ಒಂದು ಪೆಟ್ಟಿನ ಹೊತ್ತು ಮಾತ್ರ ಯಾರ ಕಡೆಯವನೂ ಆಗಿರಲಿಲ್ಲ."