ಜೇನಿನ ಮನೆಯಲ್ಲಿ ತುಪ್ಪ ಮೇಲೆ, ಮರಿ ಕೆಳಗೆ

ಭೂಮಿ ಇನ್ನೂ ಹಸಿಮಣ್ಣಾಗಿದ್ದ ಕಾಲ ಅದು. ಗುಡ್ಡದ ಮೇಲೆ ಬೆರಳಿಟ್ಟರೆ ಅಚ್ಚು ಬೀಳುತ್ತಿತ್ತು. ಹಳ್ಳ ಮಾತಾಡುತ್ತಿತ್ತು, ಗಾಳಿ ಚಾಡಿ ಹೇಳುತ್ತಿತ್ತು, ಹುಳಕ್ಕೂ ಮನುಷ್ಯರಿಗೂ ಒಂದೇ ಮಾತು.

ಆಗ ಜೇನುಗಳಿಗೆ ಅಚ್ಚುಕಟ್ಟು ಅನ್ನೋದೇ ಗೊತ್ತಿರಲಿಲ್ಲ. ಒಂದು ಗೂಡಿನಲ್ಲಿ ತುಪ್ಪ, ಪಕ್ಕದ ಗೂಡಿನಲ್ಲಿ ಮರಿ, ಅದರಾಚೆ ಮತ್ತೆ ತುಪ್ಪ. ಎಲ್ಲ ಕಲಸುಮೇಲೋಗರ!

ಹಳ್ಳದ ದಂಡೆಯಲ್ಲಿ ದುಗ್ಗವ್ವ ಅನ್ನೋ ಕುಂಬಾರಗಿತ್ತಿ ಇದ್ದಳು. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಗಂಡ ಚೌಡಪ್ಪ ಬೆಂಕಿ ಹಾಕಿ ಮಡಕೆ ಸುಡುತ್ತಿದ್ದ. ಹೊಗೆ ಕುಡಿದೂ ಕುಡಿದೂ, ಪಾಪ, ಅವನಿಗೆ ಕೆಮ್ಮು ಹತ್ತಿತ್ತು. ಮಳೆಗಾಲ ಬಂತೆಂದರೆ ಎದೆ ಹಿಡಿದುಕೊಂಡು ಕೂತುಬಿಡುತ್ತಿದ್ದ. ಜೇನುತುಪ್ಪದಲ್ಲಿ ಮೆಣಸಿನ ಪುಡಿ ಕಲಸಿ ನೆಕ್ಕಿಸಿದರೆ ಮಾತ್ರ ಅವನ ಉಸಿರು ತಿರುಗುತ್ತಿತ್ತು.

ಅದಕ್ಕೇ ದುಗ್ಗವ್ವ ಹಿತ್ತಿಲಿನಲ್ಲಿ ಒಂದು ದೊಡ್ಡ ಗಡಿಗೆಯನ್ನು ಬೋರಲು ಹಾಕಿ, ಅಂಚಿನಲ್ಲಿ ಸಣ್ಣ ಕಿಂಡಿ ಬಿಟ್ಟು, ತುಡುವೆ ಜೇನಿಗೆ ಮನೆ ಮಾಡಿಕೊಟ್ಟಿದ್ದಳು. ಜೇನೂ ಬಂದು ಕೂತಿತ್ತು.

ತುಪ್ಪ ಬೇಕಾದಾಗ ಏನು ಮಾಡುತ್ತಿದ್ದಳು ಗೊತ್ತಾ? ದೊಣ್ಣೆ ತಗೊಂಡು ಗಡಿಗೆಗೆ ಒಂದೇ ಏಟು! ಕುಂಬಾರರ ಮನೆಯಲ್ಲಿ ಗಡಿಗೆಗೇನು ಬರವೇ? ಒಂದು ಒಡೆದರೆ ಇನ್ನೊಂದು. ಆಮೇಲೆ ಜೇನುಹುಟ್ಟನ್ನೆಲ್ಲ ಕಿತ್ತು, ಮರಿ ಸಮೇತ ಬಟ್ಟೆಯಲ್ಲಿ ಹಾಕಿ ಹಿಂಡಿಬಿಡುತ್ತಿದ್ದಳು. ತುಪ್ಪ ಹಾಲು ಬೆರೆತ ಹಾಗೆ ಬೆಳ್ಳಗೆ ಇಳಿಯುತ್ತಿತ್ತು. ನಾಲ್ಕು ದಿನಕ್ಕೇ ಹುಳಿ. ಆ ಬಿಳುಪು ಏನೆಂದು ಅವಳು ಯೋಚಿಸಲೇ ಇಲ್ಲ.

ಎರಡು ವರ್ಷ ಹೀಗೇ ನಡೆಯಿತು. ಮೂರನೇ ವರ್ಷ ದುಗ್ಗವ್ವ ದೊಣ್ಣೆ ಎತ್ತಿದಳು ನೋಡು, ರಾಣಿಜೇನು ಕಿಂಡಿಯಿಂದ ಹೊರಬಂದು ಗಡಿಗೆಯ ನೆತ್ತಿಯ ಮೇಲೇ ಕೂತಿತು.

"ಹೊಡೆಯೋದಾದರೆ ನನ್ನ ಮೇಲೇ ಹೊಡಿ, ದುಗ್ಗವ್ವ."

"ಅಯ್ಯೋ, ನಿನಗೇನಾಯ್ತೇ? ಒಂದು ಗಡಿಗೆ ತಾನೆ? ಸಂಜೆಯೊಳಗೆ ಹೊಸದು ಕೊಡ್ತೀನಿ."

"ಗಡಿಗೆ ಕೊಡ್ತೀಯ. ಮಕ್ಕಳನ್ನ ಎಲ್ಲಿಂದ ತಂದು ಕೊಡ್ತೀಯ?"

"ಯಾವ ಮಕ್ಕಳು?"

"ಬಟ್ಟೆಯಲ್ಲಿ ಹಿಂಡಿದೆಯಲ್ಲ, ಬೆಳ್ಳಗೆ ಇಳಿಯಿತಲ್ಲ, ಅದು ಹಾಲಲ್ಲ ಕಣವ್ವ. ಇನ್ನೂ ರೆಕ್ಕೆ ಬಾರದ ನನ್ನ ಮಕ್ಕಳು."

ದುಗ್ಗವ್ವ ದೊಣ್ಣೆಯನ್ನು ಕೆಳಗಿಟ್ಟಳು. ರಾಣಿಜೇನು ಬಿಡಲಿಲ್ಲ. "ಸಂತೆಯಲ್ಲಿ ಯಾರಾದರೂ ನಿನ್ನ ಒಂದು ಕುಡಿಕೆ ಬೀಳಿಸಿದರೆ 'ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ' ಅಂತ ಊರಿಗೆಲ್ಲ ಕೇಳೋ ಹಾಗೆ ಕೂಗಾಡ್ತೀಯ. ನಮ್ಮ ಪಾಲಿಗೆ ಆ ದೊಣ್ಣೆ ನೀನೇ ಆದೆಯಲ್ಲೇ! ನಾಳೆ ನೆತ್ತಿಗೆ ಬಿಸಿಲು ಬರೋ ಹೊತ್ತಿಗೆ ನಾವು ಹೊರಟೆವು. ಏಳು ಗುಡ್ಡ ದಾಟಿ ಹೋಗ್ತೀವಿ. ಮತ್ತೆ ಮನುಷ್ಯರ ಹಿತ್ತಿಲಿಗೆ ಕಾಲಿಡಲ್ಲ."

ಒಳಗೆ ಚೌಡಪ್ಪ ಕೆಮ್ಮಿದ. ದುಗ್ಗವ್ವ ಬಾಗಿಲ ಕಡೆ ತಿರುಗಿ ನೋಡಿದಳು. ಜೇನು ಹೋದರೆ ಗಂಡ ಈ ಮಳೆಗಾಲ ಹೇಗೆ ದಾಟುತ್ತಾನೆ? ಅದಕ್ಕಿಂತ, ತಾನು ಎರಡು ವರ್ಷ ಹಿಂಡಿದ್ದೇನು!

ಹಳ್ಳದ ಹತ್ತಿರ ಹೋಗಿ ಗೊಳೋ ಎಂದು ಅತ್ತಳು. ಹಳ್ಳ ಹೇಳಿತು, "ಅತ್ತು ನನ್ನ ನೀರು ಉಪ್ಪು ಮಾಡಬೇಡ. ನನ್ನ ಹತ್ತಿರ ಮಣ್ಣಿದೆ, ಬುದ್ಧಿಯಿಲ್ಲ. ಅದನ್ನ ನಿನ್ನ ಮನೆಯಲ್ಲೇ ಹುಡುಕು, ಹೋಗು."

ಮನೆಗೆ ಬಂದಳು. ಅಡುಗೆಮನೆಯ ಮೂಲೆಯಲ್ಲಿ ಗಡಿಗೆಗಳ ಅಡಕಲು ನಿಂತಿತ್ತು. ಕೆಳಗೆ ದೊಡ್ಡದು, ಅದರ ಮೇಲೆ ಚಿಕ್ಕದು. ಬೇಕಾದ್ದನ್ನು ತೆಗೆಯಲು ಯಾವುದನ್ನೂ ಒಡೆಯಬೇಕಿಲ್ಲ. ದುಗ್ಗವ್ವ ಹಣೆ ಚಚ್ಚಿಕೊಂಡಳು.

ಮರುದಿನ ಬೆಳಗಾಗುತ್ತಲೇ ಚೂಪು ಕಲ್ಲು ಹಿಡಿದು ಜೇನಿನ ಗಡಿಗೆಯ ಮುಂದೆ ಕೂತಳು. ಗಡಿಗೆಯ ನೆತ್ತಿಗೆ ನೀರು ಚಿಮುಕಿಸಿ, ಕಲ್ಲಿನ ಮೊನೆಯನ್ನು ಮೆಲ್ಲಗೆ ತಿರುಗಿಸತೊಡಗಿದಳು. ಒಂದು ಏಟಿಗೆ ಒಡೆಯುತ್ತಿದ್ದ ಕೈ ಈಗ ಎಳ್ಳಷ್ಟೆಳ್ಳಷ್ಟೇ ಕೊರೆಯುತ್ತಿತ್ತು.

"ಅಲ್ಲಿ ಬೇಡ, ಅಲ್ಲಿ ಮರಿಗಳಿವೆ. ಕೊಂಚ ಎಡಕ್ಕೆ," ಎಂದು ಒಳಗಿಂದ ರಾಣಿಜೇನು ಕೂಗಿತು.

ಬಿಸಿಲು ಏರುವಷ್ಟರಲ್ಲಿ ಚಿಕ್ಕ ಚಿಕ್ಕ ನಾಲ್ಕು ತೂತುಗಳಾದವು. ದುಗ್ಗವ್ವ ಅವುಗಳ ಮೇಲೆ ಒಂದು ಸಣ್ಣ ಗಡಿಗೆ ಬೋರಲು ಹಾಕಿದಳು.

ರಾಣಿಜೇನು ತೂತಿನಲ್ಲಿ ತಲೆ ತೂರಿಸಿ, "ಚಿಕ್ಕದಾಯ್ತು ಕಣೇ. ನನ್ನ ಹೊಟ್ಟೆ ಹಿಡಿಸಲ್ಲ," ಎಂದಿತು.

"ಹಿಡಿಸಬಾರದು ಅಂತಲೇ ಮಾಡಿದ್ದು ತಾಯಿ! ನೀನು ಹತ್ತಿದರೆ ಅಲ್ಲೂ ಮೊಟ್ಟೆ ಇಡ್ತೀಯ. ನಿನ್ನ ಮಕ್ಕಳು ಕೆಳಗೆ ನಿನ್ನ ಹತ್ತಿರ ಇರಲಿ. ಮಿಕ್ಕವರು ನುಸುಳಿ ಹೋಗಿ ತುಪ್ಪ ಮೇಲಿಡಲಿ. ನಾನೂ ಬೆಲ್ಲ ಮೇಲಿನ ಗಡಿಗೆಯಲ್ಲೇ ಇಡೋದು, ಮಕ್ಕಳ ಕೈಗೆ ಸಿಗದ ಹಾಗೆ."

"ನನ್ನ ಮಕ್ಕಳಿಗೆ ಕೈಯೇ ಇಲ್ಲವಲ್ಲೇ!" ಎಂದು ರಾಣಿಜೇನು ನಕ್ಕಿತು. ನಕ್ಕಮೇಲೆ ಹೊರಡುವುದು ಕಷ್ಟ. "ಆಗಲಿ, ಈ ಹೂಗಾಲ ಇದ್ದು ನೋಡ್ತೀನಿ," ಎಂದಿತು.

ಹೊಂಗೆ ಹೂ ಬಿಟ್ಟಿತು, ಉದುರಿತು. ಮೋಡ ಕಟ್ಟುವ ಹೊತ್ತಿಗೆ ದುಗ್ಗವ್ವ ಮೇಲಿನ ಗಡಿಗೆಯನ್ನು ಹಗುರಾಗಿ ಎತ್ತಿದಳು. ಉಫ್ ಉಫ್ ಎಂದು ಮೆಲ್ಲಗೆ ಊದಿದಳು. ಜೇನುಗಳು ಒಂದೊಂದಾಗಿ ಕೆಳಗಿಳಿದವು. ಒಳಗೆ ಮೂರು ಹುಟ್ಟು, ಒಂದು ಮರಿಯೂ ಇಲ್ಲ. ಎರಡನ್ನು ಕೊಯ್ದಳು. ಬಟ್ಟಲಿಗೆ ಇಳಿದ ತುಪ್ಪ ಎಷ್ಟು ತಿಳಿ ಅಂದರೆ, ಬೆರಳು ಅದ್ದಿದರೆ ಉಗುರು ಕಾಣುತ್ತಿತ್ತು.

ಪಕ್ಕದಲ್ಲಿ ನಿಂತಿದ್ದ ಚೌಡಪ್ಪ ಕೆಮ್ಮುತ್ತಾ, "ಅದೊಂದು ಯಾಕೆ ಬಿಟ್ಟೆ? ತಗೋಳೇ, ಮಳೆಗಾಲ ಉದ್ದ," ಎಂದ.

ದುಗ್ಗವ್ವ ಮೂರನೆಯ ಹುಟ್ಟನ್ನು ನೋಡಿದಳು. ಗಂಡನ ಮುಖ ನೋಡಿದಳು. ಕೈ ಮುಂದೆ ಹೋಯಿತು, ನಿಂತಿತು.

"ಅವಕ್ಕೂ ಅಷ್ಟೇ ಉದ್ದ ಕಣ್ರೀ," ಎಂದು ಗಡಿಗೆಯನ್ನು ಹಾಗೇ ಮತ್ತೆ ಮುಚ್ಚಿಟ್ಟಳು.

ಆ ಮಳೆಗಾಲ ಚೌಡಪ್ಪನಿಗೆ ದಿನಕ್ಕೆ ಒಂದೇ ಬೆರಳು ತುಪ್ಪ. ಸಾಕಾಯಿತು. ಹುಳಿಯಾಗದ ತುಪ್ಪ ಕೊನೆಯ ಮಳೆಯ ತನಕ ಬಂತು. ಕೆಳಗಿನ ಗಡಿಗೆಯಲ್ಲಿ ಜೇನುಗಳು ತಮ್ಮ ಪಾಲು ಉಂಡುಕೊಂಡು ಬೆಚ್ಚಗಿದ್ದವು. ಏಳು ಗುಡ್ಡದ ಮಾತನ್ನು ರಾಣಿಜೇನು ಮತ್ತೆ ಎತ್ತಲೇ ಇಲ್ಲ. ಗಾಳಿ ಮಾತ್ರ ಬಾಯಿ ಮುಚ್ಚಿಕೊಂಡಿರುತ್ತದೆಯೇ? ಮರದ ಪೊಟರೆ ಪೊಟರೆಗೂ ಹೋಗಿ ದುಗ್ಗವ್ವನ ಹಿತ್ತಿಲಿನ ಸುದ್ದಿ ಹೇಳಿತು. ಜೇನುಗಳೆಲ್ಲ ಹಾಗೇ ಮನೆ ಜೋಡಿಸಿಕೊಂಡವು.

ಅದಕ್ಕೇ ಮಗಾ, ಇವತ್ತಿಗೂ ಯಾರಾದರೂ ಜೇನುಪೆಟ್ಟಿಗೆ ತೆರೆದಾಗ ಇಣುಕಿ ನೋಡು: ತುಪ್ಪ ಮೇಲಿರುತ್ತದೆ, ಮರಿಗಳು ಕೆಳಗೆ ಮಲಗಿರುತ್ತವೆ, ಮಳೆಗಾಲಕ್ಕೆಂದು ಒಂದು ಹುಟ್ಟು ಬಿಟ್ಟ ಮನೆಯಲ್ಲಿ ಜೇನು ಮಳೆ ಕಳೆದ ಮೇಲೂ ಇರುತ್ತದೆ.