ಬೀಗರ ಕೌದಿ

ಸಾವಂತ್ರೆವ್ವನ ಪಡಸಾಲೆಯಲ್ಲಿ ಒಂದು ಮರದ ಪೆಟ್ಟಿಗೆ ಇತ್ತು. ಅದರ ಮೇಲೆ ತೊಲೆ ಮುಟ್ಟುವ ಹಾಗೆ ಕೌದಿಗಳನ್ನು ಒಟ್ಟಿದ್ದರು. ಹಳೆಯ ಸೀರೆ, ಧೋತರಗಳ ತುಂಡು ಕೂಡಿಸಿ ಅವಳ ಅತ್ತೆ ತಂಗೆವ್ವ ಕೈಯಾರೆ ಹೊಲಿದ ದಪ್ಪ ಹೊದಿಕೆಗಳು ಅವು. ಮನೆಯವರು ಯಾರೂ ಅವನ್ನು ಹೊದೆಯುವಂತಿರಲಿಲ್ಲ. ಬೀಗರಿಗೆಂದು ತೆಗೆದಿಟ್ಟವು.

ಆ ಸೀಮೆಯಲ್ಲಿ ಮನೆಗೆ ಬಂದವರ ಕಣ್ಣು ಮೊದಲು ಹೋಗುವುದೇ ಹಾಸಿಗೆಯ ಒಟ್ಟಿನ ಮೇಲೆ; ಅದನ್ನು ನೋಡಿಯೇ ಮನೆತನ ಅಳೆಯುತ್ತಿದ್ದರು. ಸಾವಂತ್ರೆವ್ವನ ಬಡ ತವರಿನಲ್ಲಿ ಅಂಥದ್ದು ಇರಲಿಲ್ಲ. ಅವಳ ಮದುವೆಗೆ ಬಂದ ಬೀಗರು ಗೋಣಿಚೀಲ ಹೊದ್ದು ಮಲಗಿ, ಬೆಳಿಗ್ಗೆ ಎದ್ದು ನಕ್ಕಿದ್ದರು. ಆ ನಗು ಅವಳ ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು. ತನ್ನ ಮನೆಯಲ್ಲಿ ಹಾಗಾಗಬಾರದು ಎಂದು ಹಟ ಹಿಡಿದಿದ್ದಳು.

ಆ ವರ್ಷ ಮಾಗಿಯ ಚಳಿ ಜೋರಾಯಿತು. ಮುದುಕಿ ತಂಗೆವ್ವನ ಹೊದಿಕೆ ತೂತು ಬಿದ್ದು ಜಾಳಾಗಿತ್ತು.

"ಸಾವಂತ್ರಿ, ಆ ಹಸಿರು ಅಂಚಿನ ಕೌದಿ ಕೊಡವಾ. ನನ್ನ ಮದುವಿ ಧಾರಿ ಸೀರಿ ತುಂಡು ಅದರಾಗ ಐತಿ."

"ಅದನ್ನ ನೀವು ಹೊದ್ದು ಹೊಲಸ ಮಾಡಿದ್ರ, ಬೀಗರು ಬಂದಾಗ ನನ್ನ ಸೀರಿ ಹೊಚ್ಚಲೇನ ಅತ್ತಿ?"

"ಬೀಗರಿಗೆ ಚಳಿ ಹತ್ತತೈತಿ, ನನಗೇನು ಕಲ್ಲಿನ ಮೈ ಐತೇನ?" ಎಂದು ಮುದುಕಿ ನಕ್ಕಳು.

ಸಾವಂತ್ರೆವ್ವನೂ ನಕ್ಕಳು. ಬರುವ ಹಬ್ಬಕ್ಕೆ ಬೀಗರು ಬಂದು ಹೋಗಲಿ, ಆಮೇಲೆ ಕೊಟ್ಟರಾಯಿತು ಎಂದುಕೊಂಡಳು. ಹಬ್ಬ ಮುಗಿಯಿತು. ಬೀಗರು ಬರಲಿಲ್ಲ. ಮುಂದಿನ ಹಬ್ಬಕ್ಕೆ ಬಂದಾರು ಎಂದು ಕೌದಿ ಅಲ್ಲೇ ಉಳಿಯಿತು. ತಂಗೆವ್ವ ಮತ್ತೆ ಕೇಳಲಿಲ್ಲ. ಅತ್ತೆಗೆ ಚಳಿ ರೂಢಿಯಾಯಿತು ಎಂದು ಸೊಸೆ ತಿಳಿದಳು.

ಒಂದು ದಿನ ಮುದುಕಿಗೆ ಜ್ವರ ಬಂದು ಎದೆ ಕಟ್ಟಿತು. ಹಲ್ಲು ಕಟಕಟ ಎನ್ನುತ್ತಿದ್ದವು. ಸಾವಂತ್ರೆವ್ವ ಪೆಟ್ಟಿಗೆಯ ಅಂಚಿಗೆ ಕಾಲಿಟ್ಟು, ಹಸಿರು ಅಂಚಿನ ಕೌದಿ ಎಳೆದು ತಂದು ಅತ್ತೆಗೆ ಹೊಚ್ಚಿದಳು.

ತಂಗೆವ್ವ ಕಣ್ಣು ತೆರೆದು, ಬೆರಳಿನಿಂದ ಹೊಲಿಗೆ ಸವರಿದಳು. ಆಮೇಲೆ ಕೌದಿಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು.

"ಮಡಚಿ ಇಡವಾ. ಬೀಗರದು. ಹೊಲಸ ಆಗತೈತಿ."

"ಇಲ್ಲ ಅತ್ತಿ, ನಿಮ್ಮದು. ಹೊದಕೋರಿ."

ಮುದುಕಿಗೆ ಅದು ಕೇಳಿಸಿತೋ ಇಲ್ಲವೋ. ಸೊಸೆ ಎಷ್ಟು ಸಲ ಹೊಚ್ಚಿದರೂ ಅವಳ ಕೈ ಅದನ್ನು ಸರಿಸುತ್ತಲೇ ಇತ್ತು. ಬೆಳಗಾಗುವ ಹೊತ್ತಿಗೆ ಆ ಕೈ ನಿಂತಿತು.

ತಂಗೆವ್ವನ ಮಣ್ಣಿಗೆ ಬೀಗರು ಬಂದರು. ದೂರದವರು ಅಲ್ಲೇ ಉಳಿದರು. ಪೆಟ್ಟಿಗೆಯ ಮೇಲಿನ ಕೌದಿಗಳೆಲ್ಲ ಕೆಳಗಿಳಿದವು. ಮರುದಿನ ಹಿರಿಯ ಬೀಗತಿ ತಾನು ಹೊದ್ದದ್ದನ್ನು ಮಡಚುತ್ತ, "ಎಷ್ಟು ಬೆಚ್ಚಗ ಇತ್ತವಾ ಇದು. ಯಾರು ಹೊಲಿದದ್ದು?" ಎಂದಳು.

ಸಾವಂತ್ರೆವ್ವ ಅದನ್ನು ಕೈಗೆ ತೆಗೆದುಕೊಂಡು, ಅತ್ತೆಯ ಹಾಗೆಯೇ ಬೆರಳಿನಿಂದ ಹೊಲಿಗೆ ಸವರಿದಳು.

ನೀತಿ: ತೆಗೆದಿಡುವುದು ಒಳ್ಳೆಯ ಗುಣ. ಆದರೆ ಎಂದೋ ಬರುವವರಿಗೆಂದು ತೆಗೆದಿಡುವ ಮೊದಲು, ಇಂದು ಮನೆಯಲ್ಲಿ ನಡುಗುತ್ತಿರುವವರಿಗೆ ಹೊದಿಸಿ. ಹೊತ್ತು ಮೀರಿ ಕೊಟ್ಟದ್ದು ಅವರನ್ನು ಬೆಚ್ಚಗೆ ಮಾಡುವುದಿಲ್ಲ.